ಸರಕಾರದ ಪಟ್ಟಿಗೆ ನನ್ನ ಹೆಸರು ಸೇರಿದ ವರ್ಷ

ಟಿಕೋಟಾದಲ್ಲಿ ನಾನು ದವಾಖಾನೆ ತೆರೆದಾಗ ಜನ ನನ್ನನ್ನು ನಂಬಲು ಹೆಚ್ಚು ಕಾಲ ಹಿಡಿಯಲಿಲ್ಲ. ಆ ನಂಬಿಕೆ ಹೋದದ್ದು ಆಮೇಲೆ. ಸರಕಾರದ ಯೋಜನೆಗೆ ಸೇರಿಕೊಳ್ಳುತ್ತೇನೆ ಎಂದು ನಾನು ಅರ್ಜಿ ಹಾಕಿದ ಮೇಲೆ.

ನಮ್ಮ ಮನೆ ವಿಜಾಪುರದಲ್ಲಿತ್ತು. ಈಗ ಎಲ್ಲರೂ ವಿಜಯಪುರ ಎನ್ನುತ್ತಾರೆ, ನನ್ನ ಬಾಯಿಗೆ ಹಳೆಯದೇ ಬರುತ್ತದೆ. ಅಬ್ಬಾನಿಗೆ ಸ್ಟೇಷನ್ ರಸ್ತೆಯಲ್ಲಿ ತಗಡಿನ ಟ್ರಂಕುಗಳ ಅಂಗಡಿ. ಹುಬ್ಬಳ್ಳಿಯಲ್ಲಿ ಓದು ಮುಗಿಸಿ ನಾನು ಡಾಕ್ಟರಾಗಿ ಬಂದಾಗ ಅವರು ಅಂಗಡಿಯ ಪಕ್ಕದ ಕೋಣೆಯನ್ನು ನನಗಾಗಿ ಬಿಡಿಸಿಕೊಡುವ ಯೋಚನೆಯಲ್ಲಿದ್ದರು. ನಾನು ಬೇಡವೆಂದೆ. ಸಿದ್ಧೇಶ್ವರ ಗುಡಿಯಿಂದ ಸ್ಟೇಷನ್ನಿನವರೆಗೆ ಡಾಕ್ಟರುಗಳಿಗೆ ಬರವಿರಲಿಲ್ಲ. ಟಿಕೋಟಾದ ಕಡೆ ಹೆಂಗಸರನ್ನು ನೋಡಲು ಒಬ್ಬ ಹೆಣ್ಣು ಡಾಕ್ಟರೂ ಇರಲಿಲ್ಲ. ದಿನಾ ಬೆಳಿಗ್ಗೆ ಬಸ್ಸು ಹಿಡಿದು, ತೊರವಿ ದಾಟಿ, ಜೋಳದ ಹೊಲಗಳ ನಡುವೆ ಹೋಗಿ ಸಂಜೆ ವಾಪಸು ಬರುವುದು ರೂಢಿಯಾಯಿತು.

ದವಾಖಾನೆಯೆಂದರೆ ಒಬ್ಬ ವಿಧವೆ ಮುದುಕಿಯ ಮನೆಯ ಮುಂದಿನ ಪಡಸಾಲೆ. ಊರವರೆಲ್ಲ ಆಕೆಯನ್ನು ಆಯಿ ಎನ್ನುತ್ತಿದ್ದರು, ನಾನೂ ಹಾಗೇ ಕರೆದೆ. ಹೆಂಗಸರು ನನ್ನನ್ನು ಆ ಕಡೆಯ ಮರ್ಯಾದೆಯ ಮಾತಿನಲ್ಲಿ ಬಾಯಾರ ಎಂದು ಕರೆಯುತ್ತ, ಬಸಿರು, ಬಾಣಂತನ, ಕೂಸಿನ ಕೆಮ್ಮು, ಗಂಡನ ಹೊಡೆತ, ಎಲ್ಲವನ್ನೂ ಆ ಪಡಸಾಲೆಗೆ ತರುತ್ತಿದ್ದರು. ಒಬ್ಬಾಕೆ ತನ್ನ ಎಮ್ಮೆಯ ಕೆಚ್ಚಲಿಗೆ ಮುಲಾಮು ಕೇಳಿದ್ದೂ ಉಂಟು.

ತುರ್ತುಪರಿಸ್ಥಿತಿ ಮುಗಿದಿತ್ತು. ದಿಲ್ಲಿಯಲ್ಲಿ ಸರಕಾರ ಬದಲಾಗಿತ್ತು. ಜಿಲ್ಲಾ ಆರೋಗ್ಯ ಕಚೇರಿಯಿಂದ ಖಾಸಗಿ ಡಾಕ್ಟರುಗಳಿಗೆ ಒಂದು ಕರೆ ಬಂತು. ಸರಕಾರಿ ಡಾಕ್ಟರು ತಲುಪಲಾಗದ ಊರುಗಳಲ್ಲಿ ಖಾಸಗಿಯವರು ಬೇಕಾದರೆ ತಾಯಿ ಮಕ್ಕಳ ಕಾರ್ಯಕ್ರಮದ ಪಟ್ಟಿಗೆ ಸೇರಬಹುದು. ಸರಕಾರ ಲಸಿಕೆ ಕೊಡುತ್ತದೆ, ಕಬ್ಬಿಣದ ಗುಳಿಗೆ ಕೊಡುತ್ತದೆ. ನಾವು ಬಸುರಿಯರನ್ನು ತಪಾಸಣೆ ಮಾಡಿ ಧನುರ್ವಾಯುವಿನ ಸೂಜಿ, ಕೂಸುಗಳಿಗೆ ಗಂಟಲಮಾರಿ ನಾಯಿಕೆಮ್ಮಿನ ಸೂಜಿ ಹಾಕಬೇಕು. ಅದಕ್ಕಾಗಿ ಯಾರಿಂದಲೂ ಏನೂ ತೆಗೆದುಕೊಳ್ಳುವಂತಿಲ್ಲ.

ಆ ವರ್ಷ ಧನುರ್ವಾಯುವಿನಿಂದ ಸೆಟೆದು ಸತ್ತ ಹಸುಗೂಸುಗಳನ್ನು ನಾನು ನೋಡಿದ್ದೆ. ಬಸುರಿಗೆ ಸಮಯಕ್ಕೆ ಸೂಜಿ ಹಾಕಿದ್ದರೆ ಬದುಕುತ್ತಿದ್ದವು. ಎರಡು ಮಾತಿಲ್ಲದೆ ಅರ್ಜಿ ಬರೆದೆ.

ಅಬ್ಬಾ ಮಾತ್ರ ಊಟಕ್ಕೆ ಕುಳಿತವರು ತುತ್ತು ಕೆಳಗಿಟ್ಟರು. ಮನೆಯಲ್ಲಿ ನಮ್ಮದು ಉರ್ದು. ಅವರು ಅಂದದ್ದರ ಅರ್ಥ ಇಷ್ಟು: ಸರಕಾರ ಸುಮ್ಮನೆ ಏನನ್ನೂ ಕೊಡುವುದಿಲ್ಲ ಬೇಟಿ. ಇವತ್ತು ಸೂಜಿ ಕೊಡುತ್ತದೆ, ನಾಳೆ ಇಷ್ಟು ಜನರನ್ನು ಹಿಡಿದು ತಾ ಎನ್ನುತ್ತದೆ. ಹೋದ ಸಲ ಸಾಲಿ ಮಾಸ್ತರರಿಗೆ ಏನು ಮಾಡಿದರು, ನೋಡಲಿಲ್ಲವೇ?

ನೋಡಿದ್ದೆ. ತುರ್ತುಪರಿಸ್ಥಿತಿಯ ದಿನಗಳಲ್ಲಿ ಮಾಸ್ತರರು, ಊರಿನ ಲೆಕ್ಕ ಬರೆಯುವ ತಲಾಟಿಗಳು ಸಂತಾನಹರಣದ ಆಪರೇಷನ್ನಿಗೆ ಗಂಡಸರನ್ನು ಹುಡುಕಿಕೊಂಡು ತಿರುಗುತ್ತಿದ್ದರು. ಕರೆತರದಿದ್ದರೆ ಅವರ ಪಗಾರ ನಿಲ್ಲುತ್ತದೆ ಎಂಬ ಮಾತಿತ್ತು. ಆದರೆ ಆ ಕಾಲ ಮುಗಿಯಿತು ಎಂದೇ ನಾನು ತಿಳಿದಿದ್ದೆ.

ಅರ್ಜಿ ಹಾಕಿದರೆ ಪಟ್ಟಿಗೆ ಸೇರಿದ ಹಾಗಲ್ಲ ಎಂದು ಬೇಗನೆ ಗೊತ್ತಾಯಿತು. ಮೊದಲು ನನ್ನ ವೈದ್ಯಕೀಯ ನೋಂದಣಿಯ ಮೂಲಪ್ರತಿ ಕೇಳಿದರು. ನಕಲು ಕೊಡುತ್ತೇನೆ ಎಂದರೆ ಗುಮಾಸ್ತರು, “ಮೂಲಾ ತರ್ರೀ ಬಾಯಾರ, ಈಗ ಯಾರ್ ಬೇಕಾದವ್ರು ಡಾಕ್ಟರ ಆಗಾಕತ್ತಾರ” ಎಂದರು. ಆಮೇಲೆ ಒಬ್ಬ ಪೊಲೀಸು ಅಬ್ಬಾನ ಅಂಗಡಿಗೆ ಬಂದು ನಾನು ಯಾವ ಪಾರ್ಟಿಯವಳು ಎಂದು ವಿಚಾರಿಸಿಕೊಂಡು ಹೋದ. ನಂತರ ಪಂಚಾಯತಿಯ ಅಭಿಪ್ರಾಯ ಬೇಕೆಂದು ಟಿಕೋಟಾದ ಚಾವಡಿಯ ಗೋಡೆಗೆ ಪ್ರಕಟಣೆ ಅಂಟಿಸಿದರು. ಕೊನೆಗೆ ದವಾಖಾನೆಯ ತಪಾಸಣೆ. ಅದನ್ನು ಮಾಡಿ ಶಿಫಾರಸು ಬರೆಯಬೇಕಾದವರು ನಮ್ಮ ಭಾಗದ ಸರಕಾರಿ ಡಾಕ್ಟರು.

ಅವರ ಆರೋಗ್ಯ ಕೇಂದ್ರ ಯಾವುದು ಎಂದು ನಾನು ಬರೆಯುವುದಿಲ್ಲ. ಮನೆ ಮಾತ್ರ ಬಬಲೇಶ್ವರದಲ್ಲಿತ್ತು. ಧಾರವಾಡದ ಕಡೆಯವರು, ಐವತ್ತರ ಹತ್ತಿರದ ವಯಸ್ಸು, ತೆಳ್ಳಗಿನ ಮನುಷ್ಯ. ಒಂದು ದಿನ ಹೇಳದೆ ಕೇಳದೆ ಮಟಮಟ ಮಧ್ಯಾಹ್ನ ಬಂದರು. ಸೂಜಿ ಕುದಿಸುವ ಪಾತ್ರೆಯ ಮುಚ್ಚಳ ತೆಗೆದು ನೋಡಿದರು. ನೀರಿನ ಕೊಡಕ್ಕೆ ಬೆರಳಿಟ್ಟು ನೋಡಿದರು. ಔಷಧಿಯ ಕಪಾಟನ್ನು ತೆರೆಸಿ, ಹಿಂದಿನ ಸಾಲಿನ ಬಾಟಲಿಗಳನ್ನೂ ಒಂದೊಂದಾಗಿ ಹೊರಗಿಡಿಸಿದರು.

“ಲಸಿಕಿ ತಣ್ಣಗ ಎಲ್ಲಿಡ್ತೀರಿ?” ಎಂದರು.

“ಥರ್ಮಾಸಿನಲ್ಲಿ ಬರ್ಫ ಹಾಕಿ ತರತೇನ್ರಿ. ಅವತ್ತಿಂದು ಅವತ್ತ ಮುಗಿಸತೇನಿ.”

“ಮುಗೀಲಿಲ್ಲಂದ್ರ?”

“ವಾಪಸ್ ತಂದು ಕೊಡತೇನಿ.”

ಅವರು ನನ್ನ ಮುಖವನ್ನೇ ನೋಡಿದರು. “ವಾಪಸ್ ತರೋವ್ರನ್ನ ನಾ ಇನ್ನೂ ನೋಡಿಲ್ಲ. ಹಿಂದ ಒಬ್ಬಾಂವ ಖಾಸಗಿ ಡಾಕ್ಟರು ಹಿಂಗ ನಮ್ಮಿಂದ ಮದ್ದು ಒಯ್ದು ಬಾಜಾರದಾಗ ಮಾರಿದ. ಮ್ಯಾಲಿನವ್ರಿಗೆ ಉತ್ತರಾ ಕೊಟ್ಟಾಂವ ನಾನು.”

ನನಗೆ ಸಿಟ್ಟು ಬಂತು. ಯಾರೋ ಮಾರಿಕೊಂಡರೆ ನನ್ನ ಕಪಾಟು ಏಕೆ ಕೆದಕಬೇಕು? ಅವರು ಆಯಿ ಕೊಟ್ಟ ಚಹಾವನ್ನೂ ಮುಟ್ಟಲಿಲ್ಲ. ಶಿಫಾರಸು ಬರೆಯುತ್ತೀರಾ ಎಂದು ಕೇಳಿದ್ದಕ್ಕೆ “ನೋಡೂಣು” ಎಂದಷ್ಟೇ ಹೇಳಿ ಜೀಪು ಹತ್ತಿದರು. ಈ ಮನುಷ್ಯ ನನ್ನಿಂದ ಏನನ್ನೋ ಬಯಸುತ್ತಿದ್ದಾನೆ, ಅದನ್ನು ಬಾಯಿಬಿಟ್ಟು ಹೇಳುತ್ತಿಲ್ಲ ಎಂದು ನಾನು ಲೆಕ್ಕ ಹಾಕಿದೆ.

ಜೀಪು ಬಂದು ನನ್ನ ಬಾಗಿಲಿಗೆ ನಿಂತದ್ದನ್ನು ಊರು ನೋಡಿತು. ಚಾವಡಿಯ ಗೋಡೆಯ ಕಾಗದವನ್ನು ಯಾರೋ ಓದಿ ಹೇಳಿದ್ದರು. ಮರುವಾರದಿಂದ ಪಡಸಾಲೆ ಬರಿದಾಗತೊಡಗಿತು. ಮೊದಲು ಗಂಡಸರು ಬರುವುದನ್ನು ನಿಲ್ಲಿಸಿದರು. ಆಮೇಲೆ ಬಸುರಿಯರು. ಸಂತೆಯ ದಿನ ಕುಳಿತುಕೊಳ್ಳಲು ಜಾಗವಿರದಿದ್ದ ಕಟ್ಟೆಯ ಮೇಲೆ ಬೆಕ್ಕು ಮಲಗಿರುತ್ತಿತ್ತು. ಬಸ್ಸಿನಲ್ಲಿ ನನ್ನ ಪಕ್ಕ ಕುಳಿತ ಪರಿಚಯದ ಹೆಂಗಸು ತೊರವಿಯ ಸ್ಟಾಪಿನಲ್ಲಿ ಎದ್ದು ಹಿಂದಿನ ಸೀಟಿಗೆ ಹೋದಳು.

ಆಯಿಯನ್ನು ಕೇಳಿದೆ. ಆಕೆ ಅಕ್ಕಿ ಆರಿಸುತ್ತ ತಲೆ ಎತ್ತದೆ ಹೇಳಿದಳು.

“ಮತ್ತ ಜೀಪ ಬಂತಲ್ಲ ಯವ್ವಾ. ಆ ಸಲಾನೂ ಜೀಪ ಬಂದಿತ್ತು. ನೀ ಬಸುರೆಂಗಸರಿಗೆ ಹಾಕೋ ಸೂಜ್ಯಾಗ ಮುಂದ ಮಕ್ಕಳಾಗದಂಗ ಮದ್ದು ಐತಿ ಅಂತಾರ.”

“ನೀನೂ ಹಂಗ ಅಂತೀ ಏನು ಆಯಿ?”

ಆಕೆ ಅಕ್ಕಿಯೊಳಗಿನ ಒಂದು ಕಲ್ಲು ತೆಗೆದು ಅಂಗಳಕ್ಕೆ ಎಸೆದಳು. “ನಾ ಅನ್ನೂದಿಲ್ಲ. ಖರೆ, ನನ್ನ ಸೊಸಿಗೆ ಅಂತೂ ಹಾಕಿಸಿಕೋ ಅಂತ ಹೇಳಾಕ ಧೈರ್ಯ ಸಾಲೂದಿಲ್ಲ ನೋಡು.”

ಒಂದೇ ಸೂರಿನ ಕೆಳಗೆ ದಿನಾ ಚಹಾ ಕುಡಿಯುವ ಮುದುಕಿಯೇ ಹೀಗೆ ಅಂದ ಮೇಲೆ ಬೇರೆಯವರ ಮೇಲೆ ನನಗೆ ಸಿಟ್ಟು ಬರಲಿಲ್ಲ. ಅರ್ಜಿಯನ್ನು ಹಿಂದಕ್ಕೆ ಪಡೆಯೋಣ ಎಂದು ಕೂಡ ಅನ್ನಿಸಿತು. ಅಂಥ ಹೊತ್ತಿನಲ್ಲೇ ಆ ಹೆಂಗಸು ಬಂದಳು.

ಮುಂದಿನ ಬಾಗಿಲಿನಿಂದ ಅಲ್ಲ. ಹಿತ್ತಲಿನಿಂದ, ಆಯಿಯ ಅಡಿಗೆಮನೆಯ ಮೂಲಕ. ಇಪ್ಪತ್ತೈದರ ಒಳಗಿನ ವಯಸ್ಸು, ಕುರಿ ಸಾಕುವ ಮನೆತನದ ಸೊಸೆ, ತವರು ತೊರವಿ. ಒಬ್ಬಳು ಮಗಳಿದ್ದಳು. ಈಗ ಮತ್ತೆ ಬಸುರಾಗಿದ್ದಳು, ಹೊಟ್ಟೆ ಕಾಣತೊಡಗಿತ್ತು. ಪರೀಕ್ಷೆ ಮಾಡಿದೆ. ಎಲ್ಲ ಸರಿಯಾಗಿತ್ತು. ಹಾಗೆ ಹೇಳಿದ ಕೂಡಲೇ ಆಕೆ ಬಿಕ್ಕಿ ಬಿಕ್ಕಿ ಅಳಲು ಶುರುಮಾಡಿದಳು.

“ನನ್ನ ಗಂಡಗ ಆಪರೇಸನ್ ಆಗೇತ್ರಿ” ಎಂದಳು.

ತುರ್ತುಪರಿಸ್ಥಿತಿಯಲ್ಲಿ ಆತ ಕುರಿ ಮಾರಲು ಸಂತೆಗೆ ಹೋಗಿದ್ದ. ಅಲ್ಲಿಂದ ಜೀಪಿನಲ್ಲಿ ಕೂರಿಸಿಕೊಂಡು ದೂರದ ಒಂದು ಶಾಲೆಯ ಕಟ್ಟಡಕ್ಕೆ ಒಯ್ದರು. ಇನ್ನೂ ಒಂದೇ ಮಗು ಎಂದು ಆತ ಹೇಳಿಕೊಂಡನಂತೆ, ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಮನೆಗೆ ಬಂದಾಗ ನಡೆಯಲಾಗದೆ ಗೋಡೆ ಹಿಡಿದುಕೊಂಡು ಬಂದಿದ್ದ. ಅದಾಗಿ ಒಂದು ವರ್ಷದ ಮೇಲಾಗಿತ್ತು.

“ಈಗ ಇದು ಯಾರ್ದು ಅಂತ ಕೇಳಾಕತ್ತಾನ್ರಿ. ಹೊಡದಿದ್ರ ಬೇಸಿತ್ತು. ಹೊಡಿಯೂದಿಲ್ಲ ಬಡಿಯೂದಿಲ್ಲ. ರೊಟ್ಟಿ ತಾಟು ಮುಂದಿಟ್ರ ಮಾರಿ ತಿರುವಿ ಕುಂದರತಾನ. ದೀಪಾವಳಿ ಆದ ಮ್ಯಾಲ ತವರಿಗೆ ಬಿಟ್ಟು ಬರತೇನಿ ಅಂದಾನ.”

ಆಪರೇಷನ್ ಆದ ಮೊದಲ ಕೆಲವು ತಿಂಗಳು ಗಂಡಸಿನ ದೇಹದಲ್ಲಿ ಉಳಿದ ಬೀಜದಿಂದ ಬಸಿರು ನಿಲ್ಲಬಹುದು. ಆದರೆ ಇದಕ್ಕೆ ಆ ಲೆಕ್ಕ ಹೊಂದುತ್ತಿರಲಿಲ್ಲ. ಕತ್ತರಿಸಿದ ನಾಳ ತಾನಾಗಿಯೇ ಮತ್ತೆ ಕೂಡಿಕೊಳ್ಳುವುದು ಅಪರೂಪಕ್ಕೆ ಉಂಟು, ಅವಸರದಲ್ಲಿ ಸರಿಯಾಗಿ ಕತ್ತರಿಸದೆ ಬಿಡುವುದೂ ಉಂಟು ಎಂದು ಓದಿದ್ದೆ. ಇನ್ನೊಂದು ಸಾಧ್ಯತೆಯೂ ಇತ್ತು. ಅದನ್ನು ಆಕೆಯ ಗಂಡ ಯೋಚಿಸಿದಂತೆ ನಾನೂ ಯೋಚಿಸಿದೆ. ಆಕೆಗೆ ಅದು ನನ್ನ ಮುಖದಲ್ಲಿ ಕಂಡಿರಬೇಕು.

“ನೀವೂ ನಂಬೂದಿಲ್ಲ ಹೌದಿಲ್ರಿ?” ಎಂದಳು.

“ನಂಬೂದು ಬಿಡೂದು ಬ್ಯಾಡ. ನಿನ್ನ ಗಂಡನ್ನ ಕರಕೊಂಡು ಬಾ.”

ಆತ ಬಂದ. ಆದರೆ ಒಳಗೆ ಬರಲಿಲ್ಲ. ಹೆಗಲ ಮೇಲೆ ಕಂಬಳಿ, ಕೈಯಲ್ಲಿ ಕೋಲು, ಕಟ್ಟೆಯ ಕೆಳಗೇ ನಿಂತ. ನನ್ನ ಪಡಸಾಲೆಯ ಒಳಭಾಗವನ್ನು ಬಗ್ಗಿ ನೋಡಿದ, ಅಲ್ಲಿ ಇನ್ಯಾರಾದರೂ ಅಡಗಿದ್ದಾರೇನೋ ಎಂಬಂತೆ.

“ಏನ್ ಹೇಳೂದೈತಿ ಅಲ್ಲಿಂದನ ಹೇಳ್ರಿ ಬಾಯಾರ.”

ಒಬ್ಬ ಗಂಡಸಿಗೆ ಆ ಮಾತನ್ನು ರಸ್ತೆಗೆ ಕೇಳುವಂತೆ ಹೇಳುವುದು ಹೇಗೆ? ನಾನು ಇನ್ನೂ ಮದುವೆಯಾಗದವಳು. ಆಯಿಯೇ ಮುಂದೆ ಬಂದು ಆತನ ಕಂಬಳಿಯ ಚುಂಗು ಹಿಡಿದೆಳೆದಳು. “ಒಳಗ ಬಾರೋ. ನಿನ್ನ ಯಾರೂ ತಿನ್ನೂದಿಲ್ಲ.” ಆತ ಹೊಸ್ತಿಲ ಒಳಗೆ ಒಂದು ಕಾಲಿಟ್ಟು ನಿಂತ. ಆಪರೇಷನ್ ಒಮ್ಮೊಮ್ಮೆ ಕೆಡುತ್ತದೆ, ಪರೀಕ್ಷೆ ಮಾಡಿದರೆ ತಿಳಿಯುತ್ತದೆ, ಸೂಕ್ಷ್ಮದರ್ಶಕ ಬೇಕು, ಅದು ಸರಕಾರಿ ಡಾಕ್ಟರ ಹತ್ತಿರವಿದೆ ಎಂದು ನಾನು ಗೋಡೆ ನೋಡುತ್ತ ಹೇಳಿ ಮುಗಿಸಿದೆ.

“ಯಾವ ಡಾಕ್ಟರು? ಬಬಲೇಶ್ವರದಾಗ ಇರತಾನಲ್ಲ, ಸಣಕಲಾ, ಅವನ?”

“ಹೌದು.”

“ಸಾಲ್ಯಾಗ ಕೊಯ್ಯಾಕ ನಿಂತಿದ್ದ ಮೂರು ಮಂದ್ಯಾಗ ಅವನೂ ಒಬ್ಬಾಂವ. ತಾನ ಕೊಯ್ದು ತಾನ ತಪಾಸ ಮಾಡತಾನೇನ್ರಿ? ಅಂವಾ ಖರೆ ಹೇಳತಾನಂತ ಯಾರ್ ಹೇಳಬೇಕು?”

ಆ ಡಾಕ್ಟರು ಅಂಥ ಶಿಬಿರದಲ್ಲಿದ್ದರೆಂದು ನನಗೆ ಗೊತ್ತಾದದ್ದೇ ಆಗ. ನನ್ನ ಅರ್ಜಿಗೆ ಶಿಫಾರಸು ಬರೆಯಬೇಕಾದವರು ಅವರು. ನಿಮ್ಮ ಆಪರೇಷನ್ ಕೆಟ್ಟಿದೆ, ನೋಡಿ ಹೇಳಿ ಎಂದು ಅವರ ಮನೆ ಬಾಗಿಲು ತಟ್ಟಿದರೆ ಆ ಅರ್ಜಿಯ ಗತಿ ಅಲ್ಲಿಗೇ ಮುಗಿಯಿತು ಅಂದುಕೊಂಡೆ. ವಿಜಾಪುರದ ಬೇರೆ ಯಾರಲ್ಲಿಗಾದರೂ ಕರೆದೊಯ್ಯಬಹುದಿತ್ತು. ಆದರೆ ಪೇಟೆಗೆ ಹೋದರೆ ಮತ್ತೆ ಹಿಡಿದುಕೊಂಡು ಹೋಗುತ್ತಾರೆ ಎಂದು ಆತ ಖಂಡಿತ ಬರಲೊಲ್ಲೆ ಎಂದ. ಬಬಲೇಶ್ವರ ಆತ ಕುರಿ ಮೇಯಿಸಿಕೊಂಡು ಹೋಗುವ ದಾರಿ, ಅಲ್ಲಿ ಬಳಗವಿತ್ತು. ಅಲ್ಲಿಗಾದರೆ ಬರುತ್ತೇನೆ, ಆದರೆ ಬಾಯಾರು ಜತೆಗಿರಬೇಕು ಎಂದ.

ರವಿವಾರ ಮೂವರೂ ಬಸ್ಸಿನಲ್ಲಿ ಹೋದೆವು. ಗಂಡ ಮುಂದೆ ನಿಂತೇ ಇದ್ದ. ಹೆಂಡತಿ ನನ್ನ ಪಕ್ಕ ಕುಳಿತು ದಾರಿಯುದ್ದಕ್ಕೂ ಸೆರಗನ್ನು ಬೆರಳಿಗೆ ಸುತ್ತಿ ಬಿಚ್ಚುತ್ತಿದ್ದಳು.

ಡಾಕ್ಟರು ಅಂಗಳದಲ್ಲಿ ಬರೀ ಬನಿಯನ್ನಿನಲ್ಲಿ ಕುಳಿತು ಪೇಪರು ಓದುತ್ತಿದ್ದರು. ನನ್ನನ್ನು ಕಂಡು ಅವರ ಹುಬ್ಬು ಗಂಟಾಯಿತು.

“ಶಿಫಾರಸು ಕೇಳಾಕ ಮನೀತನಕಾ ಬರಬಾರದಾಗಿತ್ತು” ಎಂದರು.

“ಅದಕ್ಕ ಬಂದಿಲ್ರಿ” ಎಂದು ಬಂದ ಕಾರಣ ಹೇಳಿದೆ.

ಅವರು ಪೇಪರು ಮಡಚಿದರು. ಗಂಡನನ್ನು ನೋಡಿದರು, ಹೆಂಡತಿಯ ಹೊಟ್ಟೆಯನ್ನು ನೋಡಿದರು. ಆಮೇಲೆ ನನ್ನನ್ನು. ಇದರ ಹಿಂದೆ ಯಾರಿದ್ದಾರೆ ಎಂದು ಹುಡುಕುವ ಹಾಗಿತ್ತು ಆ ನೋಟ. “ನಿಮ್ಮನ್ನ ಯಾರು ಕಳಿಸ್ಯಾರ? ಪೇಪರಿನವ್ರು ಯಾರರೆ ಹಿಂದ ಬಂದಾರೇನು?” ಎಂದು ಕೇಳಿಯೂಬಿಟ್ಟರು. ಆ ವರ್ಷ ತುರ್ತುಪರಿಸ್ಥಿತಿಯ ದೌರ್ಜನ್ಯಗಳ ವಿಚಾರಣೆ ನಡೆದಿತ್ತು. ಎಲ್ಲ ಸರಕಾರಿ ನೌಕರರಿಗೂ ಒಳಗೊಳಗೇ ಭಯವಿತ್ತು.

“ಯಾರೂ ಕಳಿಸಿಲ್ರಿ. ಈ ಹುಡುಗೀನ್ನ ತವರಿಗೆ ಅಟ್ಟಾಕತ್ತಾನ.”

ಅವರು ಎದ್ದು ಒಳಗೆ ಹೋದರು. ಬಾಗಿಲು ಹಾಕಿಕೊಳ್ಳುತ್ತಾರೆ ಅಂದುಕೊಂಡೆ. ಅಂಗಿ ಹಾಕಿಕೊಂಡು, ಕೈಯಲ್ಲಿ ಮರದ ಪೆಟ್ಟಿಗೆ ಹಿಡಿದು ಬಂದರು. ಅದರಲ್ಲಿ ಅವರು ಕಾಲೇಜಿನಲ್ಲಿದ್ದಾಗ ಕೊಂಡ ಸೂಕ್ಷ್ಮದರ್ಶಕವಿತ್ತು. ಕೇಂದ್ರದಲ್ಲಿಟ್ಟರೆ ಮಸೂರ ಮಾಯವಾಗುತ್ತದೆಂದು ಮನೆಯಲ್ಲೇ ಇಟ್ಟುಕೊಂಡಿದ್ದರು. ಗಂಡನ ಹೆಗಲ ಮೇಲೆ ಕೈಯಿಟ್ಟು ಅಂಗಳದ ಮೂಲೆಗೆ ಕರೆದೊಯ್ದು ಮೆಲ್ಲಗೆ ಏನೋ ಹೇಳಿದರು, ಒಂದು ಚಿಕ್ಕ ಬಾಟಲಿ ಕೊಟ್ಟು ಹಿತ್ತಲ ಬಚ್ಚಲು ತೋರಿಸಿದರು. ನಾನೂ ಆ ಹುಡುಗಿಯೂ ತುಳಸಿಕಟ್ಟೆಯ ಹತ್ತಿರ ಬೆನ್ನು ಹಾಕಿ ಕುಳಿತೆವು.

ಆತ ಬಾಟಲಿಯನ್ನು ಮುಷ್ಟಿಯಲ್ಲಿ ಬಿಗಿಯಾಗಿ ಹಿಡಿದು ಬಂದ. ಡಾಕ್ಟರು ಕೈ ಚಾಚಿದರೆ ಕೊಡಲಿಲ್ಲ.

“ನಾನ ಹಾಕತೇನ್ರಿ. ಎಲ್ಲಿ ಹಾಕಬೇಕು ತೋರಸ್ರಿ.”

“ಹಾಕು” ಎಂದರು ಡಾಕ್ಟರು. ಗಾಜಿನ ಪಟ್ಟಿ ಮುಂದಿಟ್ಟರು. ಆತ ಆ ಗಾಜನ್ನು ಎತ್ತಿ ಬಿಸಿಲಿಗೆ ಹಿಡಿದು ಎರಡೂ ಕಡೆ ನೋಡಿದ. ತನ್ನ ಧೋತರದ ಚುಂಗಿನಿಂದ ಒರೆಸಿದ. ಆಮೇಲೆ, “ಮೊದಲ ಬರೇ ಗಾಜಿಟ್ಟು ತೋರಸ್ರಿ. ಇದರಾಗ ಮೊದಲ ಏನರೆ ಇದ್ದಿದ್ರ?” ಎಂದ.

ಡಾಕ್ಟರು ಸಿಡುಕಬಹುದೆಂದು ನಾನು ಕಾದೆ. ಅವರು ಬರಿಯ ಗಾಜನ್ನೇ ಇಟ್ಟು, ಕನ್ನಡಿಯನ್ನು ಬಿಸಿಲ ಕಡೆ ತಿರುಗಿಸಿ, ಆತನನ್ನು ಕರೆದರು. ಆತನಿಗೆ ಮೊದಲು ತನ್ನದೇ ರೆಪ್ಪೆಯ ಕೂದಲು ಕಂಡಿತು. ಒಂದು ಕಣ್ಣು ಮುಚ್ಚು ಎಂದರೆ ಎರಡೂ ಮುಚ್ಚಿದ. ಕೊನೆಗೆ ಬೆಳಕಿನ ಚಕ್ರ ಕಂಡಿತು. “ಏನೂ ಇಲ್ಲ” ಎಂದ. ಆಗ ಹನಿ ಹಾಕಿದ.

ಡಾಕ್ಟರು ಬಗ್ಗಿದರು. ತಿರುಪು ಹಿಂದೆ ಮುಂದೆ ಮಾಡಿದರು. ಬಹಳ ಹೊತ್ತು ನೋಡಿದರು. ಅವರ ಕತ್ತಿನ ಹಿಂಭಾಗ ನನಗೆ ಕಾಣುತ್ತಿತ್ತು. ಏನೂ ಇಲ್ಲ ಎಂದು ಒಂದು ಮಾತು ಹೇಳಿದರೆ ಅವರಿಗೆ ಯಾವ ತೊಂದರೆಯೂ ಇಲ್ಲ, ಈ ಹುಡುಗಿಯ ಬಾಳು ಮಾತ್ರ ಹೋಗುತ್ತದೆ. ಅವರು ಹಾಗೆ ಹೇಳುತ್ತಾರೆಂದೇ ನಾನು ನಂಬಿದ್ದೆ. ಹೇಳಿದ ಕೂಡಲೇ ನಾನೂ ನೋಡುತ್ತೇನೆ ಎಂದು ಮುಂದೆ ನುಗ್ಗಲು ಸಿದ್ಧಳಾಗಿ ನಿಂತಿದ್ದೆ.

ಅವರೇ ಪಕ್ಕಕ್ಕೆ ಸರಿದರು. “ನೋಡ್ರಿ” ಎಂದರು ನನಗೆ.

ನೋಡಿದೆ. ಬೆಳಕಿನ ಚಕ್ರದ ತುಂಬ ಸಣ್ಣ ಸಣ್ಣ ಬಾಲಗಳು ತುಳುಕಾಡುತ್ತಿದ್ದವು. ಗಂಡನನ್ನು ಕರೆದೆ.

ಆತ ಈ ಸಲ ಸರಿಯಾಗಿ ಒಂದೇ ಕಣ್ಣು ಮುಚ್ಚಿದ. “ಓಡ್ಯಾಡಾಕತ್ತಾವು” ಎಂದ. ಮತ್ತೆ ಬಗ್ಗಿದ. “ಏನ್ರಿ ಇವು?”

“ನಿನ್ನ ಬೀಜ” ಎಂದರು ಡಾಕ್ಟರು. “ನಿನ್ನ ಆಪರೇಷನ್ ಕೆಟ್ಟದ. ಆಕೀ ಹೊಟ್ಟ್ಯಾಗಿಂದು ನಿಂದ.”

ಆತ ಇನ್ನೊಂದು ಗಾಜು ಕೇಳಿದ, ಮತ್ತೊಂದು ಹನಿ ಹಾಕಿದ, ಅದನ್ನೂ ನೋಡಿದ. ನಂತರ ನೆಲದ ಮೇಲೆ ಕುಳಿತು ತಲೆಯ ರುಮಾಲು ಬಿಚ್ಚಿ ಮುಖ ಒರೆಸಿಕೊಂಡ. ಹೆಂಡತಿಯ ಕಡೆ ನೋಡಲಿಲ್ಲ.

“ಹಿಂಗ ಬಿಡಬಾರದು, ಎರಡನೇ ಕೂಸು ಆದ ಮ್ಯಾಲ ನಿನಗ ಬ್ಯಾಡಂದ್ರ ಮತ್ತೊಮ್ಮೆ ಸರಿಯಾಗಿ…” ಎಂದು ಡಾಕ್ಟರು ಮಾತು ತೆಗೆದರೋ ಇಲ್ಲವೋ, ಆತ ಕೋಲು ಎತ್ತಿಕೊಂಡು ಅಂಗಳ ದಾಟಿ ರಸ್ತೆಯಲ್ಲಿದ್ದ. ಹೆಂಡತಿ ಹಿಂದೆ ಓಡಿದಳು.

ನಾನು ಅಂಗಳದಲ್ಲೇ ಉಳಿದೆ. ಡಾಕ್ಟರು ಗಾಜಿನ ಪಟ್ಟಿ ತೊಳೆಯುತ್ತಿದ್ದರು.

“ಅವತ್ತು ಒಬ್ಬರ ಹಿಂದ ಒಬ್ಬರನ್ನ ಮಲಗಿಸ್ತಿದ್ರು” ಎಂದರು ಕೈ ನೋಡಿಕೊಳ್ಳುತ್ತ. “ಇಂವ ನನ್ನ ಕೈಯಾಗಿನವನೋ ಬ್ಯಾರೇದವರ ಕೈಯಾಗಿನವನೋ ಹೇಳಲಿಕ್ಕೆ ಬರೂದಿಲ್ಲ. ಮೂರು ತಿಂಗಳಾದ ಮ್ಯಾಲ ತಪಾಸಣಿಗೆ ಬಾ ಅಂತ ಯಾರೂ ಹೇಳಲಿಲ್ಲ. ನಾನೂ ಹೇಳಲಿಲ್ಲ.”

ಈ ಮಾತನ್ನು ನೀವು ಟಿಕೋಟಾಕ್ಕೆ ಬಂದು ಹೇಳಬೇಕು ಎಂದೆ. ಅವರು ಸೂಕ್ಷ್ಮದರ್ಶಕವನ್ನು ಪೆಟ್ಟಿಗೆಯಲ್ಲಿಟ್ಟು ಮುಚ್ಚಳ ಹಾಕಿದರು. ಬಸ್ಸಿನಲ್ಲಿ ಬರುತ್ತ ನನ್ನ ಅರ್ಜಿ ಇನ್ನು ಆ ಕಚೇರಿಯ ಯಾವುದೋ ಮೂಲೆಯಲ್ಲಿ ಗೆದ್ದಲು ಹಿಡಿಯುತ್ತದೆ ಅಂದುಕೊಂಡೆ.

ನಾನು ನೆನೆಸದ ಕಡೆಯಿಂದ ವಿಷಯ ಹಬ್ಬಿತು. ಆತ ನಾಚಿಕೊಂಡು ಸುಮ್ಮನಿರುತ್ತಾನೆಂದು ತಿಳಿದಿದ್ದೆ. ಆತ ಊರ ಬಾಗಿಲಿನ ಅಗಸೆಯ ಕಟ್ಟೆಯ ಮೇಲೆ ಕುಳಿತು ಊರಿಗೆಲ್ಲ ಸಾರಿದ. “ಸರಕಾರದ ಕತ್ತರಿ ನನ್ನ ಮ್ಯಾಲ ನಡೀಲಿಲ್ಲ. ಕಣ್ಣಾರೆ ನೋಡೇನಿ.” ಎರಡು ಮೂರು ದಿನದಲ್ಲಿ ಬಿಕೋ ಎನ್ನುತ್ತಿದ್ದ ನನ್ನ ಕಟ್ಟೆಯ ಮೇಲೆ ಗಂಡಸರು ಬಂದು ಕುಳಿತರು. ಯಾರೂ ಒಬ್ಬರ ಮುಖ ಒಬ್ಬರು ನೋಡುತ್ತಿರಲಿಲ್ಲ. ಒಬ್ಬ ಕೆಮ್ಮು ಎಂದ, ಇನ್ನೊಬ್ಬ ಬೆನ್ನು ನೋವು ಎಂದ. ಒಳಗೆ ಕರೆದು ಕೇಳಿದರೆ ಎಲ್ಲರದೂ ಒಂದೇ ಮಾತು. ತಮ್ಮ ಆಪರೇಷನ್ನೂ ಕೆಟ್ಟಿರಬಹುದೇ, ಆ ಯಂತ್ರದಲ್ಲಿ ನೋಡಿಸಬಹುದೇ?

ನಾನು ಬಬಲೇಶ್ವರಕ್ಕೆ ಹೇಳಿ ಕಳಿಸಿದೆ. ಬರುತ್ತಾರೆಂಬ ಭರವಸೆಯಿರಲಿಲ್ಲ. ಮುಂದಿನ ರವಿವಾರ ಅವರು ಸರಕಾರಿ ಜೀಪು ಬಿಟ್ಟು, ಮರದ ಪೆಟ್ಟಿಗೆಯನ್ನು ತೊಡೆಯ ಮೇಲಿಟ್ಟುಕೊಂಡು ಬಸ್ಸಿನಲ್ಲಿ ಬಂದಿಳಿದರು. ಆಯಿ ತನ್ನ ಒಳಮನೆ ಬಿಟ್ಟುಕೊಟ್ಟಳು. ಕಿಟಕಿಯ ಬಿಸಿಲಿಗೆ ಸೂಕ್ಷ್ಮದರ್ಶಕವಿಟ್ಟು ಅವರು ಬೆಳಿಗ್ಗೆಯಿಂದ ಕುಳಿತರು. ಪ್ರತಿಯೊಬ್ಬನಿಗೂ ಮೊದಲು ಬರಿಯ ಗಾಜು ತೋರಿಸಿದರು, ಆಮೇಲೆ ಅವನ ಹನಿ. ನಾನು ಹೊರಗಿದ್ದೆ. ಒಳಗೆ ಹೋದವರು ಹೊರಬರುವಾಗ ಯಾರೂ ಕೇಳದೆಯೇ ತಿಳಿಯುತ್ತಿತ್ತು. ಹೆಚ್ಚಿನವರ ಗಾಜಿನಲ್ಲಿ ಏನೂ ಓಡಾಡುತ್ತಿರಲಿಲ್ಲ.

ಅವರಲ್ಲಿ ಒಬ್ಬ ನಲವತ್ತರ ಸಮೀಪದ ರೈತ. ಆಪರೇಷನ್ ಆದ ಮೇಲೆ ಅವನ ಒಬ್ಬನೇ ಮಗ ಬಾವಿಯಲ್ಲಿ ಬಿದ್ದು ತೀರಿಕೊಂಡಿದ್ದ. “ಇನ್ನೊಮ್ಮೆ ನೋಡ್ರೀ ಸಾಹೇಬ್ರ” ಎಂದು ಅವನು ಹೇಳುವುದು ಹೊರಗೆ ಕೇಳಿಸಿತು. ಡಾಕ್ಟರು ನೋಡಿದರು. “ಆ ಮೂಲಿಗೆ ನೋಡ್ರಿ.” ಅದನ್ನೂ ನೋಡಿದರು. ಅವನು ಹೊರಬಂದು, ನನಗೆ ನಮಸ್ಕಾರ ಮಾಡಿ, ಯಾರ ಜೊತೆಗೂ ಮಾತಾಡದೆ ಹೊಲದ ದಾರಿ ಹಿಡಿದ. ಅವನ ಹಿಂದೆಯೇ ಡಾಕ್ಟರೂ ಹೊರಬಂದು ಕಟ್ಟೆಯ ಮೇಲೆ ಕುಳಿತರು. ಆಯಿ ಚಹಾ ತಂದಳು. ಅಂದು ಕುಡಿದರು.

ಕಟ್ಟೆಯ ಮೇಲಿದ್ದವರಿಗೆ ಅವರು ಹೇಳಿದ್ದು ಬಹಳ ಚಿಕ್ಕ ಮಾತು. “ಆವಾಗ ಆಗಿದ್ದು ತಪ್ಪಾಗೇದ. ಈ ಬಾಯಾರು ಹಾಕೋ ಸೂಜಿ ಬ್ಯಾರೇದ. ನನ್ನ ನಂಬಬ್ಯಾಡ್ರಿ, ಇವರನ್ನ ನಂಬ್ರಿ.” ಜನ ಕೇಳಿಸಿಕೊಂಡರು. ನಂಬಿದರೆಂದು ನನಗೆ ಅನ್ನಿಸಲಿಲ್ಲ.

ದೀಪಾವಳಿಯ ಆಚೆ ಜಿಲ್ಲಾ ಕಚೇರಿಯಿಂದ ಆದೇಶ ಬಂತು. ನನ್ನನ್ನು ಪಟ್ಟಿಗೆ ಸೇರಿಸಿಕೊಂಡಿದ್ದರು. ವಿಜಾಪುರದಲ್ಲಿ ಕೆಲವು ದಿನ ತರಬೇತಿಗೆ ಕೂರಿಸಿದರು, ಲಸಿಕೆ ಕೆಡದಂತೆ ಒಯ್ಯುವುದು ಹೇಗೆ, ಯಾವ ತಿಂಗಳಲ್ಲಿ ಯಾವುದು ಎಂದು. ಶಿಫಾರಸು ಬರೆದದ್ದು ಅವರೇ. ಅಂಗಳದಲ್ಲಿ ಕುಳಿತು ನನ್ನನ್ನು ಅಷ್ಟು ಸಂಶಯದಿಂದ ನೋಡಿದ ಮನುಷ್ಯ ಒಳ್ಳೆಯ ಮಾತು ಬರೆದಿರಬಹುದೆಂದು ನನಗೆ ಎಷ್ಟೋ ದಿನ ನಂಬಿಕೆಯಾಗಲಿಲ್ಲ. ವಾರಕ್ಕೊಮ್ಮೆ ಲಸಿಕೆ ತರಲು ಹೋದಾಗ ಅವರು ಈಗಲೂ ಥರ್ಮಾಸಿನ ಮುಚ್ಚಳ ತೆಗೆದು ಬರ್ಫ ಕರಗಿದೆಯೇ ಎಂದು ಬೆರಳಿಟ್ಟು ನೋಡುತ್ತಿದ್ದರು. ಉಳಿದದ್ದನ್ನು ವಾಪಸು ಕೊಟ್ಟರೆ ಒಂದೊಂದು ಬಾಟಲಿಯನ್ನೂ ತಿರುಗಿಸಿ ನೋಡುತ್ತಿದ್ದರು. ಮರುವರ್ಷ ಅವರಿಗೆ ರಾಯಚೂರಿನ ಕಡೆ ವರ್ಗವಾಯಿತು. ಹೋಗುವಾಗ ಹೇಳಿ ಹೋಗಲಿಲ್ಲ.

ಆ ಹುಡುಗಿ ನನ್ನ ಪಡಸಾಲೆಯಲ್ಲೇ ಹೆತ್ತಳು. ಗಂಡು ಕೂಸು. ಗಂಡ ಹೊರಗೆ ನಿಂತು, ಕೂಸನ್ನು ತಂದು ತೋರಿಸಿದಾಗ ಅದರ ಕಿವಿ ನೋಡಿದ, ಕಾಲ ಬೆರಳು ನೋಡಿದ, ತನ್ನ ಕಾಲ ಬೆರಳು ನೋಡಿಕೊಂಡ. ಊರಿಗೆಲ್ಲ ಉತ್ತತ್ತಿ, ಬೆಲ್ಲ ಹಂಚಿದ. ಎಲ್ಲ ಸರಿಹೋಯಿತು ಎಂದು ನಾನು ಬಾಣಂತಿಗೆ ಹೇಳಿದೆ.

“ಏನ್ ಸರಿ ಹೋತ್ರಿ ಬಾಯಾರ?” ಎಂದಳು. ಗೋಡೆಗೆ ತಲೆಯಾನಿಸಿ ಕುಳಿತಿದ್ದಳು. “ನಾ ಹೇಳಿದ್ದನ್ನ ನಂಬಲಿಲ್ಲ. ಅತ್ತು ಕರದು, ಮಗಳ ತಲಿ ಮುಟ್ಟಿ ಆಣಿ ಮಾಡಿದೆ. ನಂಬಲಿಲ್ಲ. ಒಂದು ಗಾಜಿನ ತುಂಡು ನಂಬಿದ.”

ಅಂದು ನಾನೂ ಗಾಜನ್ನೇ ಕಾದಿದ್ದೆ.

ಆಕೆ ಗಂಡನ ಜೊತೆಗೇ ಬಾಳಿದಳು. ಆದರೆ ಆ ಮೇಲೆ ಆಕೆ ಮನೆಯಲ್ಲಿ ಯಾವ ಮಾತಿಗೂ ಆಣೆ ಮಾಡಿದ್ದನ್ನು ತಾನು ಕೇಳಿಲ್ಲ ಎಂದು ಆಯಿ ಒಮ್ಮೆ ಹೇಳಿದಳು. ಏನಾದರೂ ಕೇಳಿದರೆ ಒಂದೇ ಸಲ ಉತ್ತರ ಕೊಡುತ್ತಿದ್ದಳಂತೆ, ನಂಬಿದರೆ ನಂಬು ಎಂಬಂತೆ.

ಕೂಸಿಗೆ ಮೂರು ತಿಂಗಳಾದಾಗ ಮೊದಲ ಸೂಜಿ ಹಾಕಬೇಕಿತ್ತು. ಆ ಹೊತ್ತಿಗೂ ಟಿಕೋಟಾದಲ್ಲಿ ಸೂಜಿ ಹಾಕಿಸಿಕೊಂಡವರು ಕಡಿಮೆ. ಗಂಡ ಖಡಾಖಂಡಿತವಾಗಿ ಬೇಡವೆಂದ. ತನ್ನ ಬೀಜವನ್ನು ಕಣ್ಣಾರೆ ಕಂಡವನಿಗೆ ಈ ಬಾಟಲಿಯೊಳಗಿನ ಮದ್ದು ಏನೆಂದು ಯಾರು ತೋರಿಸಬೇಕು? ನಾನು ಒತ್ತಾಯ ಮಾಡಲಿಲ್ಲ. ಒತ್ತಾಯದ ಹೆಸರಿನಲ್ಲಿ ಆ ಊರಿಗೆ ಆದದ್ದು ಸಾಕಾಗಿತ್ತು.

ಒಂದು ಗುರುವಾರ ಗಂಡ ಕುರಿ ಹೊಡೆದುಕೊಂಡು ಡೋಣಿ ಹೊಳೆಯ ಕಡೆ ಹೋಗಿದ್ದಾಗ ಆಕೆ ಬಂದಳು. ಹಿತ್ತಲಿಂದಲ್ಲ, ಮುಂದಿನ ಬಾಗಿಲಿನಿಂದಲೇ ಬಂದು, ಕೂಸನ್ನು ಮಡಿಲಲ್ಲಿ ಮಲಗಿಸಿಕೊಂಡು ತೊಡೆ ಬಿಡಿಸಿ ಹಿಡಿದಳು. ಕಟ್ಟೆಯ ಮೇಲೆ ಬೇರೆ ಹೆಂಗಸರು ನೋಡುತ್ತ ಕುಳಿತಿದ್ದರು.

“ಗಂಡನ್ನ ಕೇಳಿ ಬಂದಿ ಏನ?” ಎಂದೆ.

“ಸಂಜಿಗೆ ಬಂದ ಮ್ಯಾಲ ಹೇಳತೇನ್ರಿ” ಎಂದಳು. “ಹಾಕ್ರಿ ನೀವು.”

ಹಾಕಿದೆ. ಕೂಸು ಹೌಹಾರಿ ಚೀರಿತು. ಆಕೆ ಅದನ್ನು ಎದೆಗವಚಿಕೊಂಡು ಹೊರಗೆ ಹೋಗಿ ಕಟ್ಟೆಯ ಮೇಲೆ ಹೆಂಗಸರ ನಡುವೆ ಕುಳಿತಳು. ಅವರು ಕೂಸಿನ ತೊಡೆಯ ಮೇಲಿನ ಹತ್ತಿಯನ್ನು ಎತ್ತೆತ್ತಿ ನೋಡುತ್ತಿದ್ದರು. ಸ್ವಲ್ಪ ಹೊತ್ತಿನ ಮೇಲೆ ಅವರಲ್ಲೊಬ್ಬಳು, ತುಂಬು ಬಸುರಿ, ಎದ್ದು ಬಾಗಿಲಿಗೆ ಬಂದು, ಈ ಸೂಜಿ ತನಗೂ ಉಂಟೇ, ನೋವು ಬಹಳ ಆಗುತ್ತದೆಯೇ ಎಂದು ಕೇಳಿದಳು.